ಬೆಳಕಿನ ತಂತಿ ಬರಲಿ, ಬಿಡಿ ಬಿಡಿಯಾಗಿ ಬರಲಿ

ಬಯಲುಸೀಮೆಯ ನಮ್ಮಂಥವರಿಗೆ ಬೋರ್‌ವೆಲ್ ಒಂದು ಕಡೆ, ತೊಟ್ಟಿ ಒಂದು ಕಡೆ, ಮನೆ ಮತ್ತೊಂದು ಕಡೆ. ನೀರು ಸಿಕ್ಕಲ್ಲಿ ಬೋರು, ಎತ್ತರ ಇದ್ದಲ್ಲಿ ತೊಟ್ಟಿ, ಅಜ್ಜ ಕಟ್ಟಿದಲ್ಲಿ ಮನೆ. ಈ ಮೂರರ ನಡುವೆ ದಿನಕ್ಕೆ ಹತ್ತು ಸಲ ಸುದ್ದಿ ಓಡಾಡಬೇಕು. ಏನು ಸುದ್ದಿ? ತ್ರೀಫೇಸ್ ಬಂತಾ, ಮೋಟಾರ್ ಓಡ್ತಾ ಇದೆಯಾ, ಪೈಪಲ್ಲಿ ನೀರು ಬೀಳ್ತಾ ಇದೆಯಾ, ತೊಟ್ಟಿ ತುಂಬಿತಾ. ಇಷ್ಟೇ. ಹೌದು ಅಥವಾ ಇಲ್ಲ ಅನ್ನೋ ನಾಲ್ಕು ಮಾತು. ಈ ನಾಲ್ಕು ಮಾತು ತಿಳಿಯೋದಕ್ಕೆ ನಾವು ರಾತ್ರಿ ಎರಡು ಗಂಟೆಗೆ ಎದ್ದು, ಬ್ಯಾಟರಿ ಹಿಡಿದು, ಹಾವು ಚೇಳು ನೋಡಿಕೊಂಡು ಬದುವಿನ ಮೇಲೆ ನಡೀತೇವೆ. ಏಳು ಗಂಟೆ ತ್ರೀಫೇಸ್ ಅಂತ ಲೆಕ್ಕ. ಅದು ಹಗಲಿಗಿಷ್ಟು ರಾತ್ರಿಗಿಷ್ಟು ಹಂಚಿ ಬರ್ತದೆ. ನಡೆಯದೆ ಮಲಗಿದರೆ ಬೋರಲ್ಲಿ ನೀರು ನಿಂತದ್ದು ಗೊತ್ತಾಗದೆ ಮೋಟಾರ್ ಬರಿದೇ ಓಡಿ ಸುಟ್ಟುಹೋಗ್ತದೆ. ಮೇಲೆತ್ತುವ ಕೂಲಿ, ರಿವೈಂಡಿಂಗ್, ಮತ್ತೆ ಇಳಿಸುವ ಕೂಲಿ ಎಲ್ಲಾ ಸೇರಿಸಿ ನೋಡಿ. ಎರಡು ಎಕರೆ ಶೇಂಗಾದಲ್ಲಿ ಉಳಿದ ಲಾಭ ಅಲ್ಲಿಗೆ ಸರಿ.

ಇದಕ್ಕೆ ತಂತಿ ಎಳೆದರೆ ಆಗೋದಿಲ್ವಾ ಅಂತ ಕೇಳ್ತೀರಿ. ಎಳೆದವರನ್ನು ಕೇಳಿ. ನೆಲದಲ್ಲಿ ಹೂತರೆ ಟ್ರ್ಯಾಕ್ಟರ್ ಕುಳ ಕಿತ್ತು ಹಾಕ್ತದೆ, ಇಲಿ ಕಡೀತದೆ. ಮೇಲೆ ಎಳೆದರೆ ಒಳಗಿನ ತಾಮ್ರಕ್ಕೆ ಆಸೆಪಟ್ಟು ಕಳ್ಳರು ಕತ್ತರಿಸಿಕೊಂಡು ಹೋಗ್ತಾರೆ. ಮೋಟಾರಿನ ಕೇಬಲ್ಲನ್ನೇ ಬಿಡದವರು ಸುದ್ದಿ ತಂತಿ ಬಿಡ್ತಾರಾ?

ಆಮೇಲೆ ಬಂದದ್ದು ಮೊಬೈಲ್ ಸ್ಟಾರ್ಟರ್. ಒಳ್ಳೆಯ ಕಲ್ಪನೆ, ಅದನ್ನು ನಾನು ಅಲ್ಲಗಳೆಯೋದಿಲ್ಲ. ಫೋನು ಹಚ್ಚಿದರೆ ಮೋಟಾರ್ ಚಾಲೂ, ಇನ್ನೊಂದು ಸಲ ಹಚ್ಚಿದರೆ ಬಂದ್. ನಾನೂ ತಂದು ಮೂರು ವರ್ಷ ಬಳಸಿದೆ. ಅದರೊಳಗೆ ಒಂದು ಸಿಮ್ ಇರ್ತದೆ, ಆ ಸಿಮ್ಮಿಗೆ ತಿಂಗಳು ತಿಂಗಳು ತಿನ್ನಿಸಬೇಕು. 2024ರ ಜುಲೈಯಲ್ಲಿ ಖಾಸಗಿ ಮೊಬೈಲ್ ಕಂಪನಿಗಳು ದರ ಏರಿಸಿದ ಮೇಲೆ, ಮಾತೇ ಆಡದ ಮೋಟಾರಿಗೂ ಮನುಷ್ಯನಷ್ಟೇ ಖರ್ಚು. ನೀರಿಲ್ಲದ ಬೇಸಿಗೆಯಲ್ಲಿ ಮೋಟಾರ್ ಸುಮ್ಮನೆ ಕೂತಿದ್ದರೂ ಸಿಮ್ಮಿಗೆ ರೀಚಾರ್ಜ್ ತಪ್ಪೋದಿಲ್ಲ. ಮೂರನೇ ವರ್ಷ ಒಂದು ಸಿಡಿಲಿನ ಮಳೆಗೆ ಆ ಡಬ್ಬ ಸತ್ತುಹೋಯ್ತು. ಮಾರಿದವರ ಹತ್ತಿರ ಒಯ್ದರೆ, 'ಇದನ್ನು ರಿಪೇರಿ ಮಾಡೋದಿಲ್ಲ ಯಜಮಾನ್ರೇ, ಬೋರ್ಡೇ ಬದಲಿಸಬೇಕು' ಅಂದರು. ಬೋರ್ಡಿನ ಬೆಲೆ ಹೊಸ ಡಬ್ಬದ ಮುಕ್ಕಾಲು ಪಾಲು. ತಾಲ್ಲೂಕಿನಲ್ಲಿ ನಲವತ್ತು ವರ್ಷದಿಂದ ರೇಡಿಯೋ ಟೀವಿ ರಿಪೇರಿ ಮಾಡುವವರಿಗೆ ತೋರಿಸಿದೆ. ಒಳಗಿನ ಪಾರ್ಟುಗಳ ಮೇಲೆ ಕಪ್ಪು ಅಂಟು ಸುರಿದಿದ್ದರು. ಯಾವುದು ಏನು ಅಂತ ಯಾರಿಗೂ ತಿಳಿಯಬಾರದು ಅಂತಲೇ ಹಂಗೆ ಮಾಡ್ತಾರಂತೆ. ಹೋಗಿದ್ದು ಬಹುಶಃ ಐವತ್ತು ರೂಪಾಯಿಯ ಒಂದು ಪಾರ್ಟು. ಕಟ್ಟಿದ್ದು ಸಾವಿರಗಟ್ಟಲೆ.

ನಾನು ಹೇಳಬೇಕೆಂದಿರುವುದು ಇಲ್ಲಿಂದ ಶುರು. ಈ ನಾಲ್ಕು ಮಾತಿನ ಸುದ್ದಿಯನ್ನು ಬೆಳಕಿನ ಮೇಲೆ ಕಳಿಸಬಹುದು. ತಂತಿ ಬೇಡ, ಸಿಮ್ ಬೇಡ, ತಿಂಗಳ ಬಾಡಿಗೆ ಬೇಡ. ಅದಕ್ಕೆ ಬೇಕಾದ ಸಾಮಾನು ಇವತ್ತು ಬಹಳ ಸೋವಿ. ಆದರೆ ಅದು ನಮಗೆ ಇನ್ನೊಂದು ಅಂಟು ಸುರಿದ ಡಬ್ಬವಾಗಿ ಬರಬಾರದು. ಬಿಚ್ಚಿ ಜೋಡಿಸುವ ತುಂಡುಗಳಾಗಿ ಬರಬೇಕು.

ಬೆಳಕಿನಲ್ಲಿ ಮಾತಾಡೋದು ಹೊಸದೇನಲ್ಲ. ಮನೆಯ ಟೀವಿ ರಿಮೋಟು ದಿನವೂ ಅದನ್ನೇ ಮಾಡ್ತಿದೆ. ಅದರ ಮೂತಿಯಲ್ಲಿ ಸಣ್ಣ ಎಲ್‌ಇಡಿ ಇದೆ. ಅದರ ಬೆಳಕು ನಮ್ಮ ಕಣ್ಣಿಗೆ ಕಾಣೋದಿಲ್ಲ, ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ನೋಡಿದರೆ ನೇರಳೆ ಬಣ್ಣಕ್ಕೆ ಮಿಣುಕುವುದು ಕಾಣ್ತದೆ. ನಮ್ಮಪ್ಪ ಮಂಚಿಕೆ ಮೇಲೆ ಕೂತು ಶೇಂಗಾ ಕಾಯುವಾಗ ಪಕ್ಕದ ಹೊಲದವರಿಗೆ ಕಂದೀಲು ಎರಡು ಸಲ ಮುಚ್ಚಿ ತೆರೆದು ತೋರಿಸ್ತಿದ್ದರು. ಹಂದಿ ಬಂದವೆ, ನಿಮ್ಮ ಕಡೆಗೆ ಹೊರಟವೆ ಅಂತ ಅರ್ಥ. ಅದೂ ಇದೇ ವಿದ್ಯೆ. ಬ್ರಿಟಿಷರ ಕಾಲದಲ್ಲಿ ಕರಾಚಿಯ ಟೆಲಿಗ್ರಾಫ್ ಇಲಾಖೆಯಲ್ಲಿದ್ದ ಹೆನ್ರಿ ಮ್ಯಾನ್ಸ್ ಎಂಬವರು ಕನ್ನಡಿಯಲ್ಲಿ ಬಿಸಿಲು ಹಿಡಿದು ದೂರದ ಗುಡ್ಡಕ್ಕೆ ಸಂಕೇತ ಕಳಿಸುವ ಯಂತ್ರ ಮಾಡಿದ್ದರು. ಟೆಲಿಫೋನಿನ ಗ್ರಹಾಂ ಬೆಲ್ 1880ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಒಂದು ಶಾಲೆಯ ಮಾಳಿಗೆಯಿಂದ ತನ್ನ ಪ್ರಯೋಗಶಾಲೆಯ ಕಿಟಕಿಗೆ, 213 ಮೀಟರ್ ದೂರ, ಬಿಸಿಲಿನ ಕಿರಣದ ಮೇಲೆ ಮನುಷ್ಯನ ಮಾತನ್ನೇ ಕಳಿಸಿದ. ನಮ್ಮ ಬೋರಿನಿಂದ ಮನೆಗೆ ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರ. ನೂರ ನಲವತ್ತು ವರ್ಷದ ಹಿಂದೆ ಆದದ್ದು ನಮಗೆ ಯಾಕೆ ಆಗಬಾರದು?

ಇಂಗ್ಲಿಷಿನಲ್ಲಿರುವುದನ್ನು ಓದಿ ಹೇಳೋದು ನನ್ನ ತಂಗಿ ಮಗ, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಾಮಾನು ತಂದ, ಕಂಬ ನೆಟ್ಟು ದಿಕ್ಕು ಹಿಡಿಯೋದು ನಾನು ಮಾಡಿದೆ. ನಮ್ಮಲ್ಲಿ ಈಗ ನಡೀತಿರುವುದು ಇಷ್ಟು: ಬೋರಿನ ಹತ್ತಿರ ಒಂದು ದೀಪ, ಮನೆ ಹತ್ತಿರ ಒಂದು ಕಣ್ಣು. ಕರೆಂಟ್ ಬಂದರೆ ದೀಪ ಒಂದು ತರಹ ಮಿಣುಕ್ತದೆ, ನೀರು ಬಿದ್ದರೆ ಇನ್ನೊಂದು ತರಹ. ನೀರು ಬಿತ್ತೋ ಇಲ್ಲವೋ ಅಂತ ತಿಳಿಯಲು ಪೈಪಿನ ಬಾಯಲ್ಲಿ ಒಂದು ತಗಡಿನ ನಾಲಿಗೆ. ನೀರು ತಳ್ಳಿದರೆ ಅದು ಒಂದು ಗುಂಡಿ ಒತ್ತುತ್ತದೆ. ಮನೆ ಜಗಲಿಯಲ್ಲಿ ಕೆಂಪು ದೀಪ ಹತ್ತಿದರೆ ಕರೆಂಟ್ ಇದೆ, ಹಸಿರು ಹತ್ತಿದರೆ ನೀರು ಬರ್ತಿದೆ. ಕೆಂಪು ಇದ್ದು ಹಸಿರು ಹೋಯ್ತು ಅಂದರೆ ಎದ್ದು ಓಡಬೇಕು. ಉಳಿದ ರಾತ್ರಿಯೆಲ್ಲ ನಿದ್ದೆ.

ಇದರ ಒಳಗುಟ್ಟು ಅರ್ಥ ಮಾಡಿಕೊಂಡರೆ ಯಾರೂ ನಮಗೆ ಟೋಪಿ ಹಾಕೋದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಬರೀತೇನೆ. ರಿಮೋಟು ಹತ್ತು ಮೀಟರ್ ಹೋಗ್ತದೆ, ನಮ್ಮದು ಇನ್ನೂರು ಮೀಟರ್ ಹೇಗೆ ಹೋಯ್ತು? ಬೆಳಕು ಹೋದಂತೆಲ್ಲ ಹರಡಿಕೊಳ್ತದೆ. ದೂರ ಎರಡು ಪಟ್ಟಾದರೆ ಸಿಗುವ ಬೆಳಕು ಕಾಲು ಭಾಗ, ಹತ್ತು ಪಟ್ಟಾದರೆ ನೂರರಲ್ಲೊಂದು ಭಾಗ. ಹಂಗಾಗಿ ಹೆಚ್ಚು ಬೆಳಕು ಹಿಡಿಯುವ ದೊಡ್ಡ ಕಣ್ಣು ಬೇಕು. ಕಡ್ಡಿಮೂತಿಯಷ್ಟಿರುವ, ಐದು ಮಿಲಿಮೀಟರಿನ ಕಣ್ಣಿನ ಮುಂದೆ ಐವತ್ತು ಮಿಲಿಮೀಟರಿನ ಭೂತಗನ್ನಡಿ ಇಟ್ಟರೆ ಅಗಲ ಹತ್ತು ಪಟ್ಟು, ಹಿಡಿಯುವ ಬೆಳಕು ನೂರು ಪಟ್ಟು. ನೂರು ಪಟ್ಟು ಬೆಳಕು ಸಿಕ್ಕರೆ ಹತ್ತು ಪಟ್ಟು ದೂರ. ಕಳಿಸುವ ಕಡೆಗೂ ಒಂದು ಭೂತಗನ್ನಡಿ ಇಟ್ಟರೆ ಹರಡುವ ಬೆಳಕು ಒಗ್ಗೂಡಿ ಇನ್ನೂ ದೂರ ಹೋಗ್ತದೆ. ಭೂತಗನ್ನಡಿ ಅಂದರೆ ಮುದುಕರು ಪೇಪರ್ ಓದಲು ಹಿಡಿಯುವಂಥದೇ. ಬಿಸಿಲಲ್ಲಿ ಕಾಗದದ ಮೇಲೆ ಚುಕ್ಕಿ ಬೀಳುವಂತೆ ಹಿಡಿದು ಎಷ್ಟು ಇಂಚು ಅಂತ ಅಳೆದುಕೊಂಡು, ಅಷ್ಟೇ ಉದ್ದದ ಎರಡೂವರೆ ಇಂಚಿನ ಪಿವಿಸಿ ಪೈಪಿನ ಒಂದು ತುದಿಗೆ ಗಾಜು, ಇನ್ನೊಂದು ತುದಿಗೆ ದೀಪ. ಆಚೆ ಕಡೆಯೂ ಹಂಗೇ, ದೀಪದ ಜಾಗದಲ್ಲಿ ಕಣ್ಣು.

ಹಗಲು ಬಿಸಿಲಲ್ಲಿ ಇಷ್ಟು ಸಣ್ಣ ದೀಪ ಹೇಗೆ ಕಾಣ್ತದೆ ಅನ್ನೋದು ನನ್ನ ಮೊದಲ ಅನುಮಾನ ಆಗಿತ್ತು. ಉತ್ತರ ಚೆನ್ನಾಗಿದೆ. ಈ ದೀಪ ಸೆಕೆಂಡಿಗೆ 38 ಸಾವಿರ ಸಲ ಮಿಣುಕ್ತದೆ. ಸೂರ್ಯ ಮಿಣುಕೋದಿಲ್ಲ. ಕಣ್ಣಾಗಿರುವ ಮೂರು ಕಾಲಿನ ಕಪ್ಪು ಬಿಲ್ಲೆ ಆ ಮಿಣುಕನ್ನು ಮಾತ್ರ ಗುರುತು ಹಿಡಿದು ಉಳಿದದ್ದನ್ನು ಬಿಟ್ಟುಬಿಡ್ತದೆ. ಜಾತ್ರೆ ಗದ್ದಲದಲ್ಲಿ ನಮ್ಮ ಕೂಸಿನ ದನಿ ನಮಗೆ ಕೇಳೋದಿಲ್ವಾ, ಹಂಗೆ. ಅಂಗಡಿಯಲ್ಲಿ ಇದಕ್ಕೆ ಟಿಎಸ್‌ಒಪಿ 1738 ಅಂತಾರೆ, ಟೀವಿಯೊಳಗೂ ಇಂಥದೇ ಇರ್ತದೆ. ಬೆಲೆ ಒಂದು ಊಟದ ದುಡ್ಡಿಗಿಂತ ಕಡಿಮೆ. ದೀಪಕ್ಕೆ 940 ನ್ಯಾನೋಮೀಟರಿನ ಇನ್‌ಫ್ರಾರೆಡ್ ಎಲ್‌ಇಡಿ ಕೇಳಬೇಕು, ಅದು ಇನ್ನೂ ಸೋವಿ. ಒಂದು ವಿಷಯ ನೆನಪಿಡಬೇಕು. ಬಿಡುವೇ ಕೊಡದೆ ಒಂದೇ ಸಮನೆ ಮಿಣುಕಿಸಿದರೆ ಈ ಬಿಲ್ಲೆ ಅದನ್ನೂ ಗದ್ದಲ ಅಂತ ತಿಳಿದು ಕಿವಿ ಮುಚ್ಚಿಕೊಳ್ತದೆ. ಸಣ್ಣ ಸಣ್ಣ ತುಂಡು ಮಾಡಿ, ನಡುವೆ ಬಿಡುವು ಕೊಟ್ಟು ಕಳಿಸಬೇಕು.

ಮಕ್ಕಳು ಆಟಕ್ಕೆ ತರುವ ಕೆಂಪು ಲೇಸರ್ ಇನ್ನೂ ದೂರ ಹೋಗ್ತದಲ್ಲ ಅಂತ ಕೆಲವರು ಹೇಳಿದರು. ಹೋಗ್ತದೆ, ಆದರೆ ಹೊಲಕ್ಕೆ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ. ಲೇಸರ್ ಕಿರಣ ದಾರದ ಹಾಗೆ. ಗಾಳಿಗೆ ಕಂಬ ಒಂದು ಬೆರಳು ಅಲ್ಲಾಡಿದರೆ ಆಚೆ ಕಡೆ ಗುರಿ ತಪ್ಪಿತು. ಎಲ್‌ಇಡಿ ಬೆಳಕು ಆರು ನೂರು ಅಡಿ ಹೋಗುವಷ್ಟರಲ್ಲಿ ಹತ್ತು ಅಡಿ ಅಗಲ ಹರಡಿಕೊಂಡಿರ್ತದೆ, ಕಂಬ ಸ್ವಲ್ಪ ವಾಲಿದರೂ ಕಣ್ಣಿಗೆ ಸಿಗ್ತದೆ. ಮೇಲಾಗಿ ಲೇಸರ್ ದನಕರು, ಮಕ್ಕಳ ಕಣ್ಣಿಗೆ ಅಪಾಯ.

ಇನ್ನು ತೊಂದರೆಗಳು. ಇಲ್ಲ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ಬೆಳಕಿಗೆ ದಾರಿ ನೆಟ್ಟಗೆ, ಖಾಲಿ ಇರಬೇಕು. ಜೋಳ ಎಂಟಡಿ ಎದ್ದರೆ ಕಂಬ ಹತ್ತಡಿ ಬೇಕು. ನಡುವೆ ಒಂದು ಬೇವಿನ ಕೊಂಬೆ ಬಂದರೂ ಸುದ್ದಿ ನಿಂತಿತು. ಮಳೆಗೆ ಅಷ್ಟು ಹೆದರಬೇಕಿಲ್ಲ, ಮಂಜು ಮಾತ್ರ ಶತ್ರು. ಮಲೆನಾಡಿನವರಿಗೆ ಅದಕ್ಕೇ ಇದನ್ನು ಹೇಳೋಕೆ ನನಗೆ ಧೈರ್ಯ ಇಲ್ಲ. ಅಡಿಕೆ ತೋಟದೊಳಗೆ ಇದು ಕುರುಡು. ನಮಗಾದರೆ ಪುಷ್ಯ ಮಾಸದ ನಾಲ್ಕಾರು ಬೆಳಗ್ಗೆ ಬಿಟ್ಟರೆ ಆಕಾಶ ತೊಳೆದಿಟ್ಟ ತಟ್ಟೆ, ಮರವೂ ಇಲ್ಲ. ಮರ ಇಲ್ಲದ್ದು ನಮ್ಮ ದೌರ್ಭಾಗ್ಯವೇ, ಇಲ್ಲಿ ಮಾತ್ರ ಉಪಯೋಗಕ್ಕೆ ಬಂತು. ಬಿಸಿಲಿನ ಬಗ್ಗೆ ಇನ್ನೊಂದು ಎಚ್ಚರ. ಕಣ್ಣಿನ ಪೈಪು ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ್ದರೆ ಹುಟ್ಟುವ ಅಥವಾ ಮುಳುಗುವ ಸೂರ್ಯ ನೇರ ಗಾಜಿನೊಳಗೆ ಇಳಿದು, ಮಕ್ಕಳು ಕಾಗದ ಸುಟ್ಟ ಹಾಗೆ, ಬಿಲ್ಲೆಯನ್ನೇ ಸುಡ್ತದೆ. ಉತ್ತರ ದಕ್ಷಿಣ ಇದ್ದರೆ ಆ ಭಯ ಇಲ್ಲ. ನಮ್ಮದು ಹಂಗೇ ಇದೆ, ಅದೃಷ್ಟ. ಇಲ್ಲದವರು ಗಾಜಿನ ಮುಂದೆ ಒಂದು ಮೊಳದ ಪೈಪು ಟೋಪಿಯಂತೆ ಸೇರಿಸಿ, ಕಂಬಗಳ ಜಾಗವನ್ನು ಆ ಕಡೆ ಈ ಕಡೆ ಸರಿಸಿ ನೋಡಬೇಕು. ಆ ಟೋಪಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ತದೆ. ಜೇಡ ಬಲೆ ಹೆಣೀತದೆ. ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಎತ್ತಿನ ಮೈ ತಿಕ್ಕುವಷ್ಟು ಕೆಲಸವೂ ಇಲ್ಲ.

ಮೋಟಾರನ್ನೇ ಬೆಳಕಿನಿಂದ ನಿಲ್ಲಿಸುವುದಾದರೆ ಒಂದು ನಿಯಮ ಇಡಬೇಕು. ಬೆಳಕು ಕಡಿದುಹೋದರೆ ಮೋಟಾರ್ ನಿಲ್ಲಬೇಕು, ಓಡುತ್ತಾ ಇರಬಾರದು. ಹಕ್ಕಿ ಹಾರಿದ್ದಕ್ಕೆಲ್ಲ ನಿಲ್ಲದಂತೆ ಅರ್ಧ ನಿಮಿಷ ಕಾದು ನಿಲ್ಲುವ ಹಾಗೆ ಮಾಡಬಹುದು. ಸ್ಟಾರ್ಟರ್ ಒಳಗೆ ಕೈ ಹಾಕುವ ಕೆಲಸ ಮಾತ್ರ ಲೈಸನ್ಸ್ ಇರುವ ವೈರ್‌ಮ್ಯಾನ್‌ಗೇ ಬಿಡಿ. ಅಲ್ಲಿರುವುದು ನಾಲ್ಕು ನೂರು ವೋಲ್ಟಿನ ಮೇಲೆ. ನಮ್ಮಲ್ಲಿ ಆ ಭಾಗ ಇನ್ನೂ ಜೋಡಿಸಿಲ್ಲ, ಸುದ್ದಿ ತಿಳಿಯುವವರೆಗೆ ಮಾತ್ರ ಬಂದಿದ್ದೇವೆ.

ಈಗ ನನ್ನ ಮುಖ್ಯ ಮಾತಿಗೆ ಬರ್ತೇನೆ. ನೇಗಿಲನ್ನು ನೋಡಿ. ಕುಳ ಸವೆದರೆ ಕುಲುಮೆಗೆ ಕುಳ ಒಂದೇ ಹೋಗ್ತದೆ. ಈಸು ಮುರಿದರೆ ಬಡಗಿ ಈಸು ಕೆತ್ತಿ ಕೊಡ್ತಾನೆ. ಯಾರ ಕುಲುಮೆಯ ಕುಳವಾದರೂ ಯಾರ ನೇಗಿಲಿಗಾದರೂ ಕೂರ್ತದೆ. ಮೇಳಿ ಹೋಯ್ತು ಅಂತ ನೊಗದ ಸಮೇತ ಬದಲಿಸಿದವರನ್ನು ನಾನು ನೋಡಿಲ್ಲ. ಬೆಳಕಿನ ಸಾಮಾನೂ ಹಂಗೇ ಆಗಬೇಕು. ದೀಪ ಒಂದು ತುಂಡು, ಕಣ್ಣು ಒಂದು ತುಂಡು, ಲೆಕ್ಕ ಮಾಡುವ ಮಿದುಳು ಒಂದು ತುಂಡು, ಮೋಟಾರಿಗೆ ಹೇಳುವ ರಿಲೇ ಒಂದು ತುಂಡು, ಸೋಲಾರ್ ಮತ್ತು ಬ್ಯಾಟರಿ ಒಂದು ತುಂಡು. ಎಲ್ಲಕ್ಕೂ ಒಂದೇ ವೋಲ್ಟೇಜು, ತಂತಿ ಕಟ್ಟಲು ಒಂದೇ ತರಹದ ತಿರುಪು. ಸಿಡಿಲಿಗೆ ಕಣ್ಣು ಹೋದರೆ ಕಣ್ಣು ಮಾತ್ರ ತಂದು ತಿರುಗಿಸಿ ಕೂರಿಸಬೇಕು. ಹೀಗೆ ಮಾಡುವುದು ಕಷ್ಟವಲ್ಲ ಅನ್ನೋದಕ್ಕೆ ಸಾಕ್ಷಿ ಇದೆ. ನಾವು ಬಳಸಿದ ಮಿದುಳು ಆರ್ಡುಯಿನೊ ಅನ್ನೋ ಬೋರ್ಡು. ಇಟಲಿಯಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ್ದು. ನಕ್ಷೆಯನ್ನು ಬಚ್ಚಿಡದೆ ಎಲ್ಲರಿಗೂ ಕೊಟ್ಟುಬಿಟ್ಟರು. ಹಂಗಾಗಿ ಯಾರು ಬೇಕಾದರೂ ಮಾಡ್ತಾರೆ, ಕೆಲವು ನೂರು ರೂಪಾಯಿಗೆ ಸಿಗ್ತದೆ. ನಮ್ಮದಕ್ಕೆ ಎರಡೂ ಕಡೆ ಸೇರಿ ಎರಡು ಸಾವಿರದ ಆರುನೂರು ರೂಪಾಯಿ ಆಯ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೋಲಾರ್ ಮತ್ತು ಬ್ಯಾಟರಿಗೆ ಹೋಯ್ತು. ಕಂಬ ಹಳೆಯದು.

ಇಡೀ ಊರಿನ ಇಂಟರ್‌ನೆಟ್ಟನ್ನೇ ಬೆಳಕಲ್ಲಿ ಸಾಗಿಸಿದವರೂ ಇದ್ದಾರೆ. ಅಲ್ಲಿ ಎರಡು ದಾರಿ ಕಾಣ್ತದೆ, ಎರಡನ್ನೂ ನಾವು ಗಮನಿಸಬೇಕು. ಒಂದು ಗೂಗಲ್ ಬಳಗದಲ್ಲಿ ಹುಟ್ಟಿದ ತಾರಾ ಅನ್ನೋ ಯೋಜನೆ. ಆಫ್ರಿಕಾದ ಕಾಂಗೋ ನದಿಯ ಆ ದಡ ಈ ದಡದಲ್ಲಿ ಬ್ರಾಜವಿಲ್, ಕಿನ್ಶಾಸ ಅಂತ ಎರಡು ರಾಜಧಾನಿ. ನಡುವೆ ಐದು ಕಿಲೋಮೀಟರೂ ಇಲ್ಲ. ಆದರೆ ಕೇಬಲ್ಲು ನದಿ ಬಳಸಿ 400 ಕಿಲೋಮೀಟರಿಗೂ ಮೇಲೆ ಸುತ್ತಿ ಬರಬೇಕಿತ್ತು. 2021ರಲ್ಲಿ ಇವರು ಬೆಳಕಿನ ಕಿರಣವನ್ನು ನೇರ ನದಿ ದಾಟಿಸಿದರು. ನಮ್ಮ ನೆರೆಯ ಆಂಧ್ರದಲ್ಲೂ 2017ರಲ್ಲಿ ಇಂಥ ಎರಡು ಸಾವಿರ ಬೆಳಕಿನ ಕೊಂಡಿ ಹಾಕಲು ಸರ್ಕಾರ ಆ ಬಳಗದ ಜತೆ ಒಪ್ಪಂದ ಮಾಡಿಕೊಂಡಿತ್ತು. ವಿದ್ಯೆ ದೊಡ್ಡದು. ಆದರೆ ಅದು ಕಂಪನಿಗಳು ಕಂಪನಿಗಳಿಗೆ ಮಾರುವ ಯಂತ್ರ. ಕೆಟ್ಟರೆ ನಾನು ನೀವು ಏಣಿ ಹತ್ತುವ ಹಾಗಿಲ್ಲ.

ಇನ್ನೊಂದು ದಾರಿ ಯುರೋಪಿನ ಚೆಕ್ ದೇಶದ್ದು. ಅಲ್ಲಿ ಕರೆಲ್ ಕುಲ್ಹಾವಿ ಎಂಬವರು ರೋಂಜಾ ಅಂತ ಒಂದು ಸಾಧನ ಮಾಡಿದರು, ಈ ಶತಮಾನದ ಶುರುವಿನಲ್ಲಿ. ಮನೆಯಿಂದ ಮನೆಗೆ, 1.4 ಕಿಲೋಮೀಟರ್ ದೂರದವರೆಗೆ ಎಲ್‌ಇಡಿ ಬೆಳಕಿನಲ್ಲಿ ಇಂಟರ್‌ನೆಟ್. ವೇಗ ಸೆಕೆಂಡಿಗೆ 10 ಮೆಗಾಬಿಟ್. ಅದರ ಪೈಪು ಯಾವುದು ಗೊತ್ತಾ? ಒಲೆಗೆ ಹಾಕುವ ಹೊಗೆಕೊಳವೆ. ಗಾಜು ನಮ್ಮ ಭೂತಗನ್ನಡಿಯ ಜಾತಿಯದೇ. ನಕ್ಷೆಯೆಲ್ಲ ಬಹಿರಂಗ. ಇದನ್ನು ಅಳಿಯ ಓದಿ ಹೇಳಿದಾಗ, 'ನೋಡು ಮಾವ, ನೀನು ಪಿವಿಸಿ ಪೈಪು ಅಂದದ್ದಕ್ಕೆ ನಾನು ನಕ್ಕಿದ್ದೆ' ಅಂದ. ಸ್ಪೇನ್ ದೇಶದ ಮ್ಯಾಡ್ರಿಡ್ಡಿನ ಸಂಶೋಧಕರೂ ಓಪನ್‌ವಿಎಲ್‌ಸಿ ಅಂತ, ಬೆಳಕಿನಲ್ಲಿ ಮಾತಾಡುವ ಒಂದು ಸೋವಿ ಬೋರ್ಡನ್ನು ಮಾಡಿ ನಕ್ಷೆ ಬಿಟ್ಟುಕೊಟ್ಟಿದ್ದಾರೆ. ಅದು ಕಾಲೇಜಿನವರ ಕಲಿಕೆಗೆ. ನಮ್ಮ ಮಟ್ಟಕ್ಕೆ ಇನ್ನೂ ಒಂದು ಮೆಟ್ಟಿಲು ಇಳಿಸಬೇಕು.

ಇದು ಬರೀ ಬೋರಿನ ಮಾತಲ್ಲ ಅಂತ ತೋರಿಸಲಿಕ್ಕೆ ಇಷ್ಟು ದೂರ ಹೋದೆ. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಅಂತ ಹೆಸರಾದ ಯೋಜನೆಯಲ್ಲಿ ಪಂಚಾಯ್ತಿ ಪಂಚಾಯ್ತಿಗೆ ಫೈಬರ್ ತರ್ತಾರೆ. ಪಂಚಾಯ್ತಿ ಆಫೀಸಿನ ಗೋಡೆಯವರೆಗೆ ಬಂದು ಅದು ನಿಲ್ತದೆ. ಅಲ್ಲಿಂದ ಒಂದು ಕಿಲೋಮೀಟರ್ ಆಚೆ ಹಟ್ಟಿ ಇದೆ, ಹಟ್ಟಿಯಲ್ಲಿ ಶಾಲೆ ಇದೆ. ರಸ್ತೆ ಅಗಲ ಮಾಡಲು ಜೆಸಿಬಿ ಬಂದರೆ ನೆಲದೊಳಗಿನ ಫೈಬರ್ ಮೊದಲು ಕಡೀತದೆ. ಆಫೀಸಿನ ಮಾಳಿಗೆಯಿಂದ ಶಾಲೆಯ ಮಾಳಿಗೆಗೆ ಬೆಳಕು ಹಾಯಿಸಿದರೆ ಜೆಸಿಬಿ ಏನು ಮಾಡ್ತದೆ?

ರೇಡಿಯೋ ತರಂಗದ ಸೋವಿ ಬೋರ್ಡುಗಳೂ ಇವೆ, ಲೋರಾ ಅಂತಾರೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ನಡುವೆ ಅದಕ್ಕೆ ಲೈಸನ್ಸ್ ಬೇಕಿಲ್ಲ. ಮರದ ನಡುವೆಯೂ ತೂರಿ ಹೋಗ್ತದೆ, ದೂರವೂ ಹೆಚ್ಚು. ಗುಡ್ಡ, ತೋಪು ಅಡ್ಡ ಇರುವವರು ಅದನ್ನೇ ನೋಡಲಿ, ನನ್ನ ತಕರಾರಿಲ್ಲ. ನಾನು ಬೆಳಕಿನ ಪಕ್ಷ ಹಿಡಿಯೋದಕ್ಕೆ ಕಾರಣ ಬೇರೆ. ರೇಡಿಯೋ ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ನನಗೆ ಕಾಣೋದಿಲ್ಲ. ಬೆಳಕು ಕೆಟ್ಟರೆ ಬೋರಿನ ಹತ್ತಿರ ಹೋಗಿ ಪೈಪಿನ ಮುಂದೆ ಮೊಬೈಲ್ ಕ್ಯಾಮೆರಾ ಹಿಡೀತೇನೆ. ಮಿಣುಕಿದರೆ ದೀಪ ಸರಿ ಇದೆ, ತಪ್ಪು ಮನೆ ಕಡೆ. ಮಿಣುಕದಿದ್ದರೆ ಬ್ಯಾಟರಿಯೋ ದೀಪವೋ ಹೋಗಿದೆ. ಟೀವಿ ರಿಮೋಟು ತಂದು ಕಣ್ಣಿನ ಮುಂದೆ ಒತ್ತಿ ಕಣ್ಣು ಜೀವಂತ ಇದೆಯಾ ಅಂತಲೂ ನೋಡ್ತೇನೆ. ನನ್ನ ಹೆಂಡತಿಯೂ ಈ ಪರೀಕ್ಷೆ ಮಾಡ್ತಾಳೆ. ಬಳಸುವವನೇ ರೋಗ ಪತ್ತೆ ಮಾಡುವಂಥ ಸಾಧನ ನಮಗೆ ಎಷ್ಟು ಸಿಕ್ಕಿವೆ ಹೇಳಿ.

ಕಾಡುಹಂದಿಗೆ ಬೆಳಕಿನ ಬೇಲಿ ಆಗ್ತದಾ ಅಂತ ಬಹಳ ಜನ ಕೇಳ್ತಾರೆ. ಹೊಲದ ಅಂಚಿನಲ್ಲಿ ಮೊಳದೆತ್ತರಕ್ಕೆ ಕಿರಣ ಹಾಯಿಸಿ, ಅದು ಕಡಿದರೆ ಗಂಟೆ ಬಾರಿಸುವ ಹಾಗೆ ಮಾಡಬಹುದು. ಇದೇ ದೀಪ, ಇದೇ ಕಣ್ಣು. ಆದರೆ ನಾಯಿ ಹಾದರೂ ಬಾರಿಸ್ತದೆ, ಹುಲ್ಲು ಬೆಳೆದರೂ ಬಾರಿಸ್ತದೆ. ಗಂಟೆಗೆ ಹಂದಿ ನಾಲ್ಕು ದಿನ ಹೆದರ್ತದೆ, ಐದನೇ ದಿನ ತಾಳ ಹಾಕ್ತದೆ. ಹಂದಿ ಓಡಿಸಲು ಇದು ಸಾಲದು, ಮಲಗಿದವರನ್ನು ಎಬ್ಬಿಸಲು ಸಾಕು. ತಂತಿಗೆ ನೇರ ಕರೆಂಟ್ ಕೊಟ್ಟು ಹಂದಿ ಜತೆ ಮನುಷ್ಯರನ್ನೂ ಕೊಲ್ಲುವ ಹಾಳು ಪದ್ಧತಿಗಿಂತ ಇದು ಸಾವಿರ ಪಾಲು ಮೇಲು ಅಂತ ಮಾತ್ರ ಹೇಳ್ತೇನೆ.

ಇಷ್ಟೆಲ್ಲ ಇದ್ದೂ ಇದು ನಮ್ಮ ಹೊಲಗಳಲ್ಲಿ ಯಾಕಿಲ್ಲ? ಅಳಿಯನಂಥವನು ಮನೆಯಲ್ಲಿ ಇದ್ದವರಿಗೆ ಮಾತ್ರ ಆಗ್ತದೆ, ಅದೇ ಕಾರಣ. ಅಂಗಡಿಯಲ್ಲಿ ಬೋರ್‌ವೆಲ್ ಸಾಮಾನಿನ ಪಕ್ಕದಲ್ಲಿ ಇದರ ತುಂಡುಗಳು ಸಿಗೋದಿಲ್ಲ. ಕಾಲೇಜು ಹುಡುಗರು ವರ್ಷ ವರ್ಷ ರೈತರಿಗಾಗಿ ಅಂತ ಪ್ರಾಜೆಕ್ಟ್ ಮಾಡ್ತಾರೆ, ಪ್ರದರ್ಶನಕ್ಕೆ ಇಡ್ತಾರೆ, ಮಾರ್ಕು ಬಂದ ಮೇಲೆ ಅದು ಬೀರು ಸೇರ್ತದೆ. ಮೇಜಿನ ಮೇಲೆ ಓಡಿದ್ದು ಹೊಲದಲ್ಲಿ ಒಂದು ಮಳೆಗಾಲ ಓಡಿತಾ ಅಂತ ಯಾವ ಮೇಷ್ಟ್ರೂ ಕೇಳೋದಿಲ್ಲ. ಕೃಷಿ ವಿಜ್ಞಾನ ಕೇಂದ್ರಗಳವರು ಇಂಥ ಒಂದು ಕೊಂಡಿಯನ್ನು ತಮ್ಮ ಹೊಲದಲ್ಲಿ ಒಂದು ವರ್ಷ ನಿಲ್ಲಿಸಿ, ಎಷ್ಟು ದಿನ ಕೆಟ್ಟಿತು, ಏನು ಕೆಟ್ಟಿತು ಅಂತ ಬರೆದು ಗೋಡೆಗೆ ಹಚ್ಚಲಿ. ಸಹಾಯಧನ ಕೊಡುವವರು ಡಬ್ಬಕ್ಕೆ ಕೊಡುವ ಬದಲು ತುಂಡಿಗೆ ಕೊಡಲಿ, ನಕ್ಷೆ ಬಚ್ಚಿಟ್ಟ ಸಾಧನಕ್ಕೆ ಸಹಾಯಧನವೇ ಬೇಡ. ರೈತ ಉತ್ಪಾದಕ ಕಂಪನಿಗಳು ಗೊಬ್ಬರ ಬೀಜದ ಜತೆ ಹತ್ತು ದೀಪ ಹತ್ತು ಕಣ್ಣು ತಂದು ಇಟ್ಟುಕೊಂಡರೆ ಏನು ಭಾರ?

ಇನ್ನೊಂದು ವಿಚಾರ ಯಾರೂ ಯೋಚಿಸಿದ ಹಾಗಿಲ್ಲ. ಪ್ರತಿ ತಾಲ್ಲೂಕಿನಲ್ಲೂ ರೇಡಿಯೋ ಟೀವಿ ರಿಪೇರಿಯವರು ಇದ್ದಾರೆ. ಕೈಯಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದು ಹತ್ತಾರು ವರ್ಷ ಪಳಗಿದವರು. ಈಗಿನ ಟೀವಿಗಳು ಕೆಟ್ಟರೆ ಬಿಸಾಡುವಂಥವು. ಅವರ ಅಂಗಡಿಗಳು ಒಂದೊಂದೇ ಮುಚ್ತಾ ಇವೆ, ಕೆಲವರು ಮೊಬೈಲ್ ಕವರ್ ಮಾರ್ತಾ ಕೂತಿದ್ದಾರೆ. ರಿಮೋಟಿನ ಕಣ್ಣು ಬದಲಿಸೋದು ಅವರಿಗೆ ನೀರು ಕುಡಿದಷ್ಟು ಸಲೀಸು. ನಮ್ಮ ಕಪ್ಪು ಬಿಲ್ಲೆ ಅದೇ ಕಣ್ಣು. ಅವರ ಕೈಗೆ ಈ ತುಂಡುಗಳ ನಕ್ಷೆ ಕೊಟ್ಟು ನಾಲ್ಕು ದಿನದ ತರಬೇತಿ ಕೊಟ್ಟರೆ ಅವರಿಗೂ ಅನ್ನ, ನಮಗೂ ಸಂತೆ ದಿನ ಹೋದಾಗ ರಿಪೇರಿ. ನನ್ನ ಸತ್ತ ಡಬ್ಬ ನೋಡಿ ತಲೆ ಅಲ್ಲಾಡಿಸಿದ ಅದೇ ಯಜಮಾನರಿಗೆ ನಮ್ಮ ಪೈಪಿನ ಕಣ್ಣು ಬಿಚ್ಚಿ ತೋರಿಸಿದೆ. ಎರಡು ನಿಮಿಷ ನೋಡಿ, 'ಇಷ್ಟೇನಾ ಗೌಡ್ರೇ, ಇದನ್ನ ನಾನೇ ಮಾಡಿಕೊಡ್ತೀನಿ, ಹತ್ತು ಜನ ಸೇರಿ ಬನ್ನಿ, ಸಾಮಾನು ಒಟ್ಟಿಗೆ ತರಿಸಿದ್ರೆ ಇನ್ನೂ ಸೋವಿ ಬೀಳ್ತೈತೆ' ಅಂದರು.

ನಮ್ಮೂರಲ್ಲಿ ಈಗ ಆರು ಜನ ಆಗಿದ್ದೇವೆ. ಇಬ್ಬರ ಬೋರು ಮನೆಯಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ, ಒಬ್ಬರದು ಪೂರ್ವ ಪಶ್ಚಿಮ. ಅಷ್ಟು ದೂರಕ್ಕೆ ಎಷ್ಟು ಅಗಲದ ಗಾಜು ಸರಿಹೋದೀತು, ಗಾಳಿಗೆ ಅಲ್ಲಾಡದ ಹಾಗೆ ಕಂಬ ಹೇಗೆ ನಿಲ್ಲಿಸಿದರು, ಸಂಜೆ ಸೂರ್ಯನಿಗೆ ಏನು ಉಪಾಯ ಮಾಡಿದರು ಅಂತ ಮಾಡಿ ನೋಡಿದವರು ಯಾರಾದರೂ ಓದುಗರಲ್ಲಿ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ನಕ್ಷೆ ಕೈಯಲ್ಲಿ ಗೀಚಿದ್ದಾದರೂ ಪರವಾಗಿಲ್ಲ.